ಕವಿತ ಟೀಚರ್ ಆರಿಸಿದ ಪಾಠ

"ಟೀಚರ್, ನೀವೇ ಏಳಿ. ಈ ಎರಡ್ರಲ್ಲಿ ಯಾವ್ದು ತಕಳನ?"

ಕೇಳಿದವನ ಕಣ್ಣು ನೇರವಾಗಿ ತನ್ನ ಮೇಲೇ ಇದೆ ಎಂದು ತಿಳಿದ ಕೂಡಲೇ ಕವಿತ ಅರ್ಧ ಹೆಜ್ಜೆ ಹಿಂದೆ ಸರಿದಳು.

'ಅಯ್ಯೋ ದೇವರೇ... ಇಷ್ಟು ಜನರಲ್ಲಿ ಇವರಿಗೆ ನಾನೇ ಸಿಕ್ಕಿದೆನಾ?'

ಕೊಳ್ಳೇಗಾಲದ ಚರ್ಚಿನ ಪಕ್ಕದ ಹಾಲ್ ಅದು. ಭಾನುವಾರದ ಆರಾಧನೆ ಆಗಷ್ಟೇ ಮುಗಿದಿತ್ತು. ಉದ್ದನೆಯ ಮೇಜಿನ ಮೇಲೆ ಎರಡು ಬಗೆಯ ಪುಸ್ತಕಗಳನ್ನು ಜೋಡಿಸಿದ್ದರು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಬೇಕೆಂದಿದ್ದ ಕ್ರೈಸ್ತ ಕುಟುಂಬಗಳಿಗೆ ತೋರಿಸಲೆಂದು ಸಭಾಪಾಲಕರಾದ ಅಯ್ಯನವರು ಎರಡನ್ನೂ ತರಿಸಿದ್ದರು.

ಒಂದು, ಕೊಯಮತ್ತೂರಿನಿಂದ ಬಂದ ಪೆಟ್ಟಿಗೆ. ಫಳಫಳ ಹೊಳೆಯುವ ಇಂಗ್ಲಿಷ್ ಪುಸ್ತಕಗಳು, ಪ್ರತಿ ಪುಟದ ಕೆಳಗೆ ಒಂದು ಬೈಬಲ್ ವಚನ. ಮಗು ಒಂಟಿಯಾಗಿ ಕೂತು ಓದಿ, ಬರೆದು, ಉತ್ತರದ ಪುಸ್ತಕ ನೋಡಿ ತಾನೇ ತಿದ್ದಿಕೊಳ್ಳಬೇಕು.

ಇನ್ನೊಂದು, ಧಾರವಾಡದ ಕಡೆಯ ಕನ್ನಡ ಪಾಠಮಾಲೆ. ಸಾದಾ ಕಾಗದ, ಕಪ್ಪು ಬಿಳುಪಿನ ಚಿತ್ರಗಳು. ದೊಡ್ಡವರು ಗಟ್ಟಿಯಾಗಿ ಓದಿ ಹೇಳಬೇಕು, ಮಗು ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಇಂಗ್ಲಿಷ್ ಆಮೇಲೆ, ನಿಧಾನವಾಗಿ.

ಪ್ರಶ್ನೆ ಕೇಳಿದವನು ಶಾಂತಮೂರ್ತಿ. ಊರಿನಲ್ಲಿ ರೇಷ್ಮೆ ನೂಲು ಹುರಿ ಮಾಡುವ ಮಿಷನ್ನುಗಳ ಶೆಡ್ ನಡೆಸುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ತಾಯಿ ದೇವಮಣಿಯಮ್ಮ ಮತ್ತು ಮಗಳು ಸಿಂಧು, ಇಷ್ಟೇ ಅವನ ಸಂಸಾರ. ಏಳು ವರ್ಷದ ಸಿಂಧುಗೆ ಮಾತು ತೊದಲುತ್ತಿತ್ತು. ಇಂಗ್ಲಿಷ್ ಶಾಲೆಯಲ್ಲಿ ಜೊತೆಯ ಮಕ್ಕಳು ಅಣಕಿಸಿ ಅಣಕಿಸಿ, ಮಗು ಬಾಯಿ ಬಿಡುವುದನ್ನೇ ನಿಲ್ಲಿಸಿತ್ತು. ಈಗಲೂ ಅಪ್ಪನ ಬೆನ್ನ ಹಿಂದೆ ನಿಂತು, ಒಂದೇ ಕಣ್ಣಿನಲ್ಲಿ ಕವಿತಳನ್ನು ನೋಡುತ್ತಿತ್ತು.

ಕವಿತ ಮೇಲಿದ್ದ ಇಂಗ್ಲಿಷ್ ಪುಸ್ತಕವೊಂದನ್ನು ತೆರೆದಳು. ಅಕ್ಷರಗಳೆಲ್ಲ ಗುರುತಿನವೇ! ಅಲ್ಲೊಂದು ಇಲ್ಲೊಂದು ಪದವೂ ಪರಿಚಯದ್ದೇ. ಆದರೆ ಅವೆಲ್ಲ ಕೂಡಿ ವಾಕ್ಯವಾದ ಕೂಡಲೇ ಅವಳ ತಲೆಯೊಳಗೆ ಕತ್ತಲು.

ಯಳಂದೂರಿನಿಂದ ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದು ಸಂಡೇ ಸ್ಕೂಲಿನ ಮಕ್ಕಳಿಗೆ ಸತ್ಯವೇದದ ಕಥೆ ಹೇಳುವ ಕವಿತ ಟೀಚರ್ ಬಿ.ಎ. ಓದಿದವಳು ಎಂದೇ ಸಭೆಯವರೆಲ್ಲ ನಂಬಿದ್ದರು. ಹಾಗೆ ಹೇಳಿಕೊಂಡು ಬಂದವರು ಅವಳ ಅಪ್ಪ ರಾಜಣ್ಣ. ನಿಜವೆಂದರೆ, ಪಿಯುಸಿಯಲ್ಲಿ ಇಂಗ್ಲಿಷ್ ಎರಡು ಸಲ ಡುಮ್ಕಿ ಹೊಡೆದ ಮೇಲೆ ಅವಳು ಕಾಲೇಜಿನ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಸುಳ್ಳು ಹೇಳಿದ್ದು ಅಪ್ಪ, ಸರಿ. ಸುಮ್ಮನಿದ್ದದ್ದು ಯಾರು?

'ಗೊತ್ತಿಲ್ಲ ಅಂದುಬಿಡು ಕವಿತಾ... ನನಗೆ ಇಂಗ್ಲಿಷ್ ಬರಲ್ಲ ಅಂತ ಒಂದೇ ಮಾತು!'

ಆ ಒಂದು ಮಾತು ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಸುತ್ತ ನಿಂತ ಹೆಂಗಸರ ಮುಖಗಳು ಕಂಡವು. ಮಾತು ಹೊಟ್ಟೆಗಿಳಿಯಿತು.

"ಇದೇ ಒಳ್ಳೇದು," ಎಂದಳು, ಹೊಳೆಯುವ ಪುಸ್ತಕದ ಮೇಲೆ ಕೈಯಿಟ್ಟು. "ಇಂಗ್ಲಿಷ್ ಈಗ್ಲೇ ಬಂದ್ಬುಟ್ರೆ ಮುಂದೆ ಮಗೀಗೆ ಸುಲಭ."

"ಕನ್ನಡದ್ದು?"

"ಅದು... ಅಷ್ಟು ಸಾಲ್ದು."

ಮಾತಾಡಲು ಹೆದರುವ ಮಗುವಿಗೆ ಬೇಕಾದದ್ದು ಕೂತು ಕೇಳುವ ಕಿವಿ ಎಂದು ಅವಳಿಗೆ ಗೊತ್ತಿತ್ತು. ಕನ್ನಡದ್ದೇ ಸರಿ ಎಂದೂ ಗೊತ್ತಿತ್ತು. ಆದರೆ ಕನ್ನಡದ್ದನ್ನು ಹೊಗಳಿದರೆ ತನ್ನ ಗುಟ್ಟು ಎಲ್ಲಿ ಬಯಲಾಗುತ್ತದೋ ಎಂದು ಅಂಜಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿ ನಮ್ಮ ಕವಿತ!

"ಟೀಚರೇ ಹೇಳಿದ ಮೇಲೆ ಇನ್ನೇನಪ್ಪ ಶಾಂತಮೂರ್ತಿ?" ಎಂದರು ಅಯ್ಯನವರು.

ಶಾಂತಮೂರ್ತಿ ಪೆಟ್ಟಿಗೆಯನ್ನು ಹೆಗಲಿಗೇರಿಸಿದ. ಹೊರಟವನು ನಿಂತು, ಸ್ವಲ್ಪ ಸಂಕೋಚದಿಂದ ಕೇಳಿದ, "ಟೀಚರ್, ತಪ್ಪು ತಿಳೀಬೇಡಿ. ನಾನು ಬೆಳಗ್ಗೆ ಎದ್ರೆ ನೂಲಿನ ಮಾರ್ಕೆಟ್ಟು, ಶೆಡ್ಡು ಅಂತ ಓಯ್ತೀನಿ. ನಮ್ಮವ್ವಂಗೆ ಓದಕ್ ಬರಲ್ಲ. ವಾರದಲ್ಲಿ ನಾಕು ದಿನ ಬಂದು ಮಗೀನ ಜೊತೆ ಕುಂತ್ಕಳಕೆ ಆಯ್ತದಾ?"

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಬೆನ್ನ ಹಿಂದಿದ್ದ ಆ ಒಂದು ಕಣ್ಣು ಈಗ ಎರಡಾಗಿ ಅವಳನ್ನೇ ಕಾಯುತ್ತಿತ್ತು.

"ಬತ್ತೀನಿ," ಎಂದಳು ಕವಿತ.

ಮೊದಲ ವಾರ ಫೋನಿನ ಕ್ಯಾಮೆರಾ ಹಿಡಿದು ಪುಟಗಳನ್ನು ಕನ್ನಡಕ್ಕೆ ತಿರುಗಿಸಿ ನೋಡಿದಳು. ಫೋನು ಹೇಳುವ ಕನ್ನಡ ಇಂಗ್ಲಿಷಿಗಿಂತ ಕಷ್ಟವಾಗಿತ್ತು! ಸಿಂಧು ಪೆನ್ಸಿಲ್ ಕಚ್ಚಿಕೊಂಡು, ಅರ್ಥವಾಗದ ಪುಟವನ್ನು ನೋಡುತ್ತಾ ಕೂತಿರುತ್ತಿದ್ದಳು. ಪಕ್ಕದಲ್ಲಿ ಕವಿತಳೂ ಅದೇ ಪುಟವನ್ನು ನೋಡುತ್ತಾ ಕೂತಿರುತ್ತಿದ್ದಳು. ಪುಟಗಳು ಖಾಲಿಯಾಗಿಯೇ ಉಳಿದವು.

ತಿಂಗಳ ಕೊನೆಗೆ ಪುಸ್ತಕಗಳ ಫೋಟೋ ತೆಗೆದು ಕೊಯಮತ್ತೂರಿಗೆ ಕಳಿಸಬೇಕಿತ್ತು. ಆಗ ಅವಳು ಮಾಡಬಾರದ್ದನ್ನು ಮಾಡಿದಳು. ಉತ್ತರದ ಪುಸ್ತಕವನ್ನು ತೆರೆದು ಸಿಂಧುವಿನ ಪಕ್ಕದಲ್ಲಿಟ್ಟಳು.

"ಇದ್ರಲ್ಲಿರಾದ ಅಲ್ಲಿ ಬರಿ, ಮಗ."

ಸಿಂಧು ಉತ್ತರದ ಪುಸ್ತಕವನ್ನೂ ಟೀಚರ ಮುಖವನ್ನೂ ನೋಡಿದಳು. ಬಹಳ ದಿನಗಳ ಮೇಲೆ ಆ ಮಗು ತಾನಾಗಿ ಬಾಯಿ ತೆರೆಯಿತು.

"ಟೀ... ಟೀಚರ್, ನೋ... ನೋಡ್ಕಂಡ್ ಬರ್ಯದು ಪಾಪ ಅಲ್ವಾ?"

ಕವಿತ ಪಕ್ಕಕ್ಕೆ ಮುಖ ತಿರುಗಿಸಿದಳು. ಕದಿಯಬಾರದು, ಸುಳ್ಳಾಡಬಾರದು ಎಂದು ಪ್ರತಿ ಭಾನುವಾರ ಹಾಡು ಕಟ್ಟಿ ಹೇಳಿಕೊಟ್ಟವಳು ಅವಳೇ.

"ಇಲ್ಲ ಮಗ... ಇದು ನೋಡ್ಕಂಡೇ ಬರೆಯೋ ಪುಸ್ತಕ."

ಮಗು ನಂಬಿತು. ಬಗ್ಗಿ ಬರೆಯತೊಡಗಿತು. ಕವಿತ ಎದ್ದು ಹಿತ್ತಲಿಗೆ ಹೋಗಿ, ನಲ್ಲಿ ತಿರುಗಿಸಿ ಮುಖ ತೊಳೆದಳು. ಎಷ್ಟು ತೊಳೆದರೂ ಮುಖದ ಉರಿ ಆರಲಿಲ್ಲ.

ಅಲ್ಲಿಂದಾಚೆಗೆ ಬೆಳಗಿನ ಹೊತ್ತು ನೋಡಿ ಬರೆಯುವುದು ಬೇಗ ಮುಗಿಯುತ್ತಿತ್ತು. ಉಳಿದ ಹೊತ್ತೆಲ್ಲ ಕವಿತ ಕಥೆ ಹೇಳುತ್ತಿದ್ದಳು. ಯೋನನನ್ನು ಮೀನು ನುಂಗಿದ್ದು, ಸಿಂಹದ ಗವಿಯಲ್ಲಿ ದಾನಿಯೇಲ, ಜೊತೆಗೆ ಯಳಂದೂರಿನ ಬಸ್ ಸ್ಟ್ಯಾಂಡಿನ ಕೋತಿ. ಸಿಂಧು ನಡುನಡುವೆ ತಡೆದು ಕೇಳುತ್ತಿದ್ದಳು, ತೊದಲುತ್ತಲೇ ತಾನೂ ಹೇಳುತ್ತಿದ್ದಳು. ಮನೆಯಲ್ಲಿ ಮಗುವಿನ ನಗು ಕೇಳಿ ದೇವಮಣಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಶಾಂತಮೂರ್ತಿ ಮಧ್ಯಾಹ್ನ ಊಟಕ್ಕೆ ಬರುವ ಹೊತ್ತಿಗೆ ಕವಿತ ಹೊರಡುವುದು ವಾಡಿಕೆ. ಬರಬರುತ್ತಾ ಅವನು ಬೇಗ ಬರತೊಡಗಿದ, ಅವಳು ತಡವಾಗಿ ಹೊರಡತೊಡಗಿದಳು. ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬರುತ್ತೇನೆಂದು ಬೈಕು ತೆಗೆಯುತ್ತಿದ್ದವನು, ಇಬ್ಬರ ಮಧ್ಯೆ ಸಿಂಧುವನ್ನು ಕೂರಿಸಿಕೊಂಡು ಸುತ್ತು ದಾರಿಯಲ್ಲೇ ಹೋಗುತ್ತಿದ್ದ. ಹತ್ತಿರದ ದಾರಿ ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು!

"ಟೀಚರ್, ನಿಮ್ ಕೈಗುಣ ಕಣ್ರಿ," ಎಂದ ಒಂದು ದಿನ. "ಕೊಯಮತ್ತೂರಿನೋರು ಮಗೀಗೆ ಸ್ಟಾರ್ ಕಳ್ಸವ್ರೆ. ಎಲ್ಲಾ ಉತ್ತರನೂ ಸರಿಯಂತೆ!"

ಬಂದವರಿಗೆಲ್ಲ ಕಾಣಲೆಂದು ಆ ಬಂಗಾರದ ಬಣ್ಣದ ನಕ್ಷತ್ರವನ್ನು ಬಾಗಿಲ ಮೇಲೆಯೇ ಅಂಟಿಸಿದ್ದ. ಕವಿತ ತಲೆ ಬಗ್ಗಿಸಿಕೊಂಡೇ ಅದರ ಕೆಳಗೆ ಹಾದು ಹೋಗುತ್ತಿದ್ದಳು.

'ಇವತ್ತು ಹೇಳಿಬಿಡಬೇಕು... ಇವತ್ತು ಖಂಡಿತ!' ಎಂದುಕೊಂಡು ಬಸ್ಸು ಹತ್ತುತ್ತಿದ್ದಳು. ಅವನ ನಗುಮುಖ ಕಂಡೊಡನೆ ಆ ಧೈರ್ಯವೆಲ್ಲ ಎಲ್ಲೋ ಹೋಗುತ್ತಿತ್ತು. ಈ ನಗುವನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಹೌದು, ಅವಳು ಅವನನ್ನು ಪ್ರೀತಿಸುತ್ತಿದ್ದಳು. ಪ್ರೀತಿ ಹೆಚ್ಚಿದಷ್ಟೂ ನಾಚಿಕೆಯೂ ಹೆಚ್ಚುತ್ತಿತ್ತು.

ಅಂತಹ ಹೊತ್ತಿನಲ್ಲೇ ದೇವಮಣಿಯಮ್ಮ ಹಣ್ಣು ಹೂವು ಹಿಡಿದು ಯಳಂದೂರಿಗೆ ಬಂದರು.

"ರಾಜಣ್ಣ, ನಿಮ್ಮ ಮಗಳ ನಮ್ಮನೆಗೆ ಕೊಡಿ. ನನ್ ಮಗ ಓದಿಲ್ಲ, ನಿಮ್ ಮಗಳು ಓದವ್ಳೆ, ನಿಜ. ಆದ್ರೆ ಚಿನ್ನದಂತೋನು."

"ಓದೇನ್ ಮಹಾ ಬುಡಿ, ಅಮ್ಮಾ," ಎಂದರು ರಾಜಣ್ಣ, ಮಗಳ ಕಡೆ ತಿರುಗಿಯೂ ನೋಡದೆ. ಕವಿತಳೂ ತಲೆಯಾಡಿಸಿದಳು, ಮದುವೆ ಗೊತ್ತಾಯಿತು.

ಆ ಸಭೆಯವರ ಮದುವೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಮದುವೆಗೆ ಮೊದಲು ಮೂರು ಭಾನುವಾರ ಅಯ್ಯನವರು ಗಂಡು ಹೆಣ್ಣಿನ ಹೆಸರನ್ನು ಸಭೆಯಲ್ಲಿ ಓದುತ್ತಾರೆ. 'ಈ ಮದುವೆಗೆ ಯಾರಿಗಾದರೂ ಅಡ್ಡಿ ಇದ್ದರೆ ತಿಳಿಸಬೇಕು' ಎಂದು ಕೇಳುತ್ತಾರೆ. ಯಾರೂ ಏನೂ ಹೇಳುವುದಿಲ್ಲ. ಯಾರೋ ಕೆಮ್ಮುತ್ತಾರೆ, ಅಷ್ಟೇ.

ಮೊದಲ ಭಾನುವಾರ ಹೆಸರು ಓದಿದಾಗ ಕವಿತಳ ಕಿವಿ ಬಿಸಿಯಾಯಿತು. ಎರಡನೆಯ ಭಾನುವಾರ ಅಂಗೈ ಬೆವರಿತು.

ಅದಾದ ಮೇಲೆ ಒಂದು ದಿನ, ಪಾಠದ ಹೊತ್ತಿನಲ್ಲೇ ಶಾಂತಮೂರ್ತಿಯ ಫೋನು ಹೊಡೆದುಕೊಂಡಿತು. ಅವನು ಗಡಿಬಿಡಿಯಲ್ಲಿ ಒಳಗೆ ಬಂದ.

"ಟೀಚರ್, ಕೊಯಮತ್ತೂರಿನ ಮೇಡಮ್ಮು! ಬರೀ ಇಂಗ್ಲಿಷ್ನಲ್ಲೇ ಮಾತಾಡ್ತಾವ್ರೆ. ನಂಗೊಂದೂ ತಿಳೀದು. ವಸಿ ಮಾತಾಡಿ."

ಫೋನು ಅವಳ ಮುಖದ ಹತ್ತಿರ ಬಂತು. ಅದರೊಳಗೆ ಯಾರೋ ಹೆಂಗಸು ನಗುನಗುತ್ತಾ ಏನೋ ಕೇಳುತ್ತಿದ್ದಳು. ಕವಿತ ಎದ್ದುಬಿಟ್ಟಳು.

"ನಂಗೆ... ನಂಗೆ ಬಸ್ಸಿಗೆ ಒತ್ತಾಯ್ತು!"

ಚೀಲವನ್ನು ಎಳೆದುಕೊಂಡು ಅಂಗಳ ದಾಟಿಬಿಟ್ಟಳು. ಹಿಂದಿರುಗಿ ನೋಡಿದ್ದರೆ ಅವನ ಮುಖ ಕಾಣುತ್ತಿತ್ತು. ಕೆನ್ನೆಗೆ ಹೊಡೆಸಿಕೊಂಡವನಂತೆ, ಫೋನು ಹಿಡಿದುಕೊಂಡೇ ನಿಂತಿದ್ದ.

ಶನಿವಾರ ಅವನು ಯಳಂದೂರಿಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ಒಂದ್ಮಾತು ಕೇಳ್ತೀನಿ, ನಿಜ ಏಳಿ. ನಿಮ್ಮಪ್ಪನ ಬಲವಂತಕ್ಕೆ ಒಪ್ಕಂಡ್ರಾ?"

"ಯಾಕಂಗಂತೀರಿ?"

"ನಾನು ಎಸ್ಸೆಸ್ಸೆಲ್ಸಿ ಫೇಲು. ಇಂಗ್ಲಿಷ್ನೋರ ಮುಂದೆ ನಿಮ್ಮ ನಿಲ್ಸುದ್ರೆ ನಿಮ್ಗೆ ಅವಮಾನ ಆಯ್ತದೆ. ಮೊನ್ನೆ ನೋಡ್ದೆ ನಾನು. ನಮ್ಮಂತೋನ ಕಟ್ಕಳಕೆ ನಾಚ್ಕೆ ಆದ್ರೆ ಈಗ್ಲೇ ಏಳ್ಬುಡಿ."

'ಅಯ್ಯೋ, ನಾಚಿಕೆ ನನ್ನ ಮೇಲೆ ಕಣ್ರೀ... ನನ್ನ ಮೇಲೆ!' ಎಂದು ಮನಸ್ಸು ಚೀರಿತು. ಆದರೆ ಇಷ್ಟು ದಿನ ಮುಚ್ಚಿಟ್ಟದ್ದನ್ನು ಈಗ ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು?

ಅವನು ಕಾದ. ಅವಳು ನೆಲ ನೋಡಿದಳು.

"ಸರಿ, ಗೊತ್ತಾಯ್ತು," ಎಂದು ಶಾಂತಮೂರ್ತಿ ಬೈಕು ತಿರುಗಿಸಿದ. "ನಾಳೆ ನಾನೇ ಎದ್ದು ಅಯ್ಯನೋರಿಗೆ ಏಳ್ತೀನಿ. ನಿಮ್ಮೇಲೆ ಮಾತು ಬರಕ್ ಬುಡಲ್ಲ."

ಬೈಕಿನ ಸದ್ದು ದೂರವಾದ ಮೇಲೂ ಕವಿತ ಬಾಗಿಲು ಬಿಟ್ಟು ಕದಲಲಿಲ್ಲ. ಅವಳ ಸುಳ್ಳಿಗೆ ಅವನು ತಲೆ ಕೊಡಲು ಹೊರಟಿದ್ದ!

ಮೂರನೆಯ ಭಾನುವಾರ. ಕೀರ್ತನೆ ಮುಗಿಯಿತು. ಅಯ್ಯನವರು ಕನ್ನಡಕ ಸರಿಮಾಡಿಕೊಂಡು ಓದಿದರು.

"...ಶಾಂತಮೂರ್ತಿಗೂ ರಾಜಣ್ಣನವರ ಮಗಳು ಕವಿತಳಿಗೂ ನಡೆಯಲಿರುವ ಈ ಮದುವೆಗೆ ಯಾರಿಗಾದರೂ ಅಡ್ಡಿ ಇದ್ದರೆ ತಿಳಿಸಬೇಕು."

ಗಂಡಸರ ಕಡೆ ಶಾಂತಮೂರ್ತಿ ಮುಂದಿನ ಬೆಂಚಿನ ಮೇಲೆ ಕೈಯೂರಿ ಏಳುತ್ತಿದ್ದ. ಅವನು ಪೂರ್ತಿ ಏಳುವಷ್ಟರಲ್ಲಿ ಹೆಂಗಸರ ಕಡೆಯಿಂದ ಧ್ವನಿ ಬಂತು.

"ಅಡ್ಡಿ ಅದೆ, ಅಯ್ಯನೋರೆ."

ಇಡೀ ಸಭೆ ತಿರುಗಿತು. ಮದುವಣಗಿತ್ತಿಯೇ ಎದ್ದು ನಿಂತಿದ್ದಳು! ರಾಜಣ್ಣ ಕಣ್ಣು ಮುಚ್ಚಿಕೊಂಡರು.

"ನಾನು ಬಿ.ಎ. ಓದಿಲ್ಲ," ಎಂದಳು ಕವಿತ. "ಪಿಯುಸಿ ಇಂಗ್ಲಿಷ್ನಲ್ಲಿ ಎರಡು ಸಲ ಫೇಲು. ಅವತ್ತು ಪಕ್ಕದ ಆಲ್‌ನಲ್ಲಿ ಇಂಗ್ಲಿಷ್ ಪಾಠ ಒಳ್ಳೇದು ಅಂದ್ನಲ್ಲಾ... ನಂಗೆ ಅದ್ರಲ್ಲಿ ಒಂದು ಸಾಲೂ ಅರ್ಥ ಆಗಿರ್ಲಿಲ್ಲ. ಕನ್ನಡದ್ದೇ ಆ ಮಗೀಗೆ ಸರಿ ಅಂತ ಗೊತ್ತಿದ್ರೂ, ನನ್ ಮರ್ವಾದೆ ಓಯ್ತದೆ ಅಂತ ಬ್ಯಾಡ ಅಂದೆ."

ಯಾರೋ ಹೆಂಗಸು ಕಿಸಕ್ಕೆಂದಳು. ಕವಿತ ಕೂರಲಿಲ್ಲ. ಇನ್ನೂ ದೊಡ್ಡದು ಬಾಕಿ ಇತ್ತು.

"ಆ ಸ್ಟಾರ್ ಸುಳ್ಳು. ಉತ್ತರ ನೋಡ್ಕಂಡು ಬರಿ ಅಂತ ಏಳ್ಕೊಟ್ಟೋಳು ನಾನು. ಪಾಪ ಅಲ್ವಾ ಟೀಚರ್ ಅಂತ ಮಗ ಕೇಳ್ತು. ಅಲ್ಲ ಅಂದೆ. ಮಗೀದು ತಪ್ಪಿಲ್ಲ, ಅವರಪ್ಪಂದೂ ತಪ್ಪಿಲ್ಲ. ಅವ್ರ ಮೇಲೆ ನಂಗೆ ಯಾವತ್ತೂ ನಾಚ್ಕೆ ಆಗಿಲ್ಲ. ನನ್ ಮೇಲೇ ನಂಗೆ..."

ಸೆರಗನ್ನು ಬಾಯಿಗೆ ಒತ್ತಿಕೊಂಡು, ಬೆಂಚುಗಳ ನಡುವೆ ನಡೆದು ಹೊರಗೆ ಹೋಗಿಬಿಟ್ಟಳು.

ಅವನು ಹಿಂದೆ ಬರುತ್ತಾನೆಂದು ನೀವು ಎಣಿಸಿದ್ದರೆ, ಇಲ್ಲ, ಬರಲಿಲ್ಲ. ಕವಿತ ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸನ್ನು ಸುಮ್ಮಸುಮ್ಮನೆ ಬಿಟ್ಟು, ಮುಂದಿನದನ್ನು ಹತ್ತಿದಳು. ಕಿಟಕಿಯಲ್ಲಿ ತಿರುತಿರುಗಿ ನೋಡಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಿದ್ದಳು ಅವಳ ಅಜ್ಜಿ. ಇಲ್ಲಿ ಮಾನ ಹೋದದ್ದಷ್ಟೇ ಅಲ್ಲ, ಒಂದು ಮನೆಯೂ ಹೋಗಿತ್ತು, ಒಂದು ಮಗುವೂ ಹೋಗಿತ್ತು.

ಆ ವಾರ ಅವಳು ಹೊರಗೆ ಕಾಲಿಡಲಿಲ್ಲ. ರಾಜಣ್ಣ ಒಂದು ಬೆಳಿಗ್ಗೆ ಅವಳ ಮುಂದೆ ಕಾಫಿ ಲೋಟ ಇಟ್ಟು, "ತಪ್ಪು ನಂದು ಕಣವ್ವ. ನಾನ್ ಶುರು ಮಾಡ್ದೆ, ನೀನ್ ತಲೆ ಮೇಲೆ ಒತ್ಕಂಡೆ," ಎಂದರು. ಅಪ್ಪ ಮಗಳು ಇಬ್ಬರೂ ಅತ್ತರು.

ಅಂಗಳದಲ್ಲಿ ಬೈಕು ನಿಂತ ಸದ್ದಾದದ್ದು ಶುಕ್ರವಾರ.

ಶಾಂತಮೂರ್ತಿ ಸಿಂಧುವಿನ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕವಿತ ಎದ್ದು ಗೋಡೆಗೆ ಒರಗಿದಳು. ಮುಖವೆತ್ತಲು ಆಗಲಿಲ್ಲ.

"ಸಿಟ್ಟು ಬಂದಿತ್ತು," ಎಂದ ಅವನು ನೇರವಾಗಿ. "ಅಷ್ಟು ಜನದ ಮುಂದೆ ಏಳೋ ಬದ್ಲು ನಂಗೊಂದ್ಮಾತು ಏಳ್ಬೋದಿತ್ತಲ್ಲ ಅಂತ. ಶೆಡ್ಡಲ್ಲಿ ಕೆಲ್ಸದೋರೂ ನಗಾಡುದ್ರು."

"ತಪ್ಪಾಯ್ತು."

"ತಡೀರಿ, ಇನ್ನೂ ಅದೆ. ಆಮೇಲೆ ಯೋಚ್ನೆ ಮಾಡ್ದೆ. ಅವತ್ತು ಆಲ್‌ನಲ್ಲಿ ನಂಗೂ ಕನ್ನಡದ್ದೇ ಇಡಿಸಿತ್ತು ಕಣ್ರಿ. ನಂಗೂ ಬಾಯಿ ಬರ್ಲಿಲ್ಲ. ಕನ್ನಡದ್ದು ಅಂದ್ರೆ ಓದ್ದೇ ಇರೋನು ಅಂತ ಎಲ್ಲಿ ಆಡ್ಕಂತಾರೋ ಅಂತ ನಿಮ್ಮ ಮೇಲ್ ಆಕ್ದೆ. ನೀವೊಂದು ಸುಳ್ಳು ಏಳುದ್ರಿ. ಆ ಸುಳ್ಳು ನಿಮ್ ಬಾಯಿಗೆ ಬರೋ ಅಂಗೆ ಮಾಡ್ದೋನು ನಾನೂ ಅಲ್ವಾ?"

ಕವಿತ ಮೊದಲ ಸಲ ತಲೆಯೆತ್ತಿದಳು. ಅವನ ಕಣ್ಣು ಕೆಂಪಾಗಿತ್ತು.

ಸಿಂಧು ಅಪ್ಪನ ಕೈ ಬಿಡಿಸಿಕೊಂಡು ಮುಂದೆ ಬಂದಳು. ಹುಬ್ಬು ಗಂಟಿಕ್ಕಿಕೊಂಡಿದ್ದಳು.

"ಟೀಚರ್, ನೀ... ನೀವು ನಿಜ್ವಾಗ್ಲೂ ಫೇಲಾ?"

"ಊಂ, ಮಗ. ಎರಡು ಸಲ."

"ಆ... ಆಮೇಲೆ ಏನ್ ಮಾಡುದ್ರಿ?"

"ಸುಳ್ಳು ಏಳ್ಕಂಡು ಓಡಾಡ್ದೆ. ನಿಂಗೂ ಏಳ್ದೆ. ಅದು ಪಾಪಾನೇ ಮಗ. ನೀನ್ ಅವತ್ತು ಕೇಳಿದ್ದೇ ಸರಿ, ನಾನ್ ಏಳಿದ್ದೇ ತಪ್ಪು."

ಮಗುವಿನ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತು, ಕವಿತ ಕೈ ಜೋಡಿಸಿದಳು. ದೊಡ್ಡವರು ತನಗೆ ಕೈ ಮುಗಿಯುವುದನ್ನು ಸಿಂಧು ಎಂದೂ ನೋಡಿರಲಿಲ್ಲ. ಒಮ್ಮೆ ಅಪ್ಪನ ಕಡೆ ತಿರುಗಿ ನೋಡಿದಳು. ಆಮೇಲೆ ಆ ಎರಡೂ ಕೈಗಳನ್ನು ಬಿಡಿಸಿ, ನಡುವೆ ತನ್ನ ಮುಖವನ್ನಿಟ್ಟಳು.

"ಸ್ಟಾ... ಸ್ಟಾರ್ ಕಿತ್ತಾಕ್ದೆ ನಾನು," ಎಂದಳು ಅಲ್ಲಿಂದಲೇ.

ಕವಿತ ಅಳುತ್ತಲೇ ನಕ್ಕಳು. ಶಾಂತಮೂರ್ತಿ ಬಾಗಿಲ ಚೌಕಟ್ಟನ್ನು ಹಿಡಿದು ಆಚೆ ನೋಡಿದ.

"ಧಾರವಾಡದೋರಿಗೆ ಫೋನ್ ಮಾಡಿವ್ನಿ. ಪುಸ್ತಕ ಮುಂದಿನ್ ವಾರ ಬತ್ತವೆ. ಓದಿ ಏಳೋರು ಬೇಕು, ಕುಂತ್ ಕೇಳೋರು ಬೇಕು. ಅಯ್ಯನೋರ್ನೂ ಕೇಳ್ದೆ. ನಮ್ಮ ಎಸ್ರ ಮತ್ತೆ ಮೊದಲ್ನಿಂದ ಓದ್ತಾರಂತೆ, ನೀವ್ ಊಂ ಅಂದ್ರೆ."

"ಮತ್ತೆ ಸಭೇಲಿ ನಿಂತ್ಕಬೇಕಾ?" ಕವಿತಳ ಮುಖ ಕೆಂಪೇರಿತು. "ಎಲ್ರೂ ನನ್ನೇ ನೋಡ್ತಾರೆ. ನಾಚ್ಕೆ ಆಯ್ತದೆ ಕಣ್ರಿ."

"ಆಗ್ಲಿ. ನಂಗೂ ಆಯ್ತದೆ. ಒಬ್ಬೊಬ್ರೇ ತಲೆ ಬಗ್ಸಕಿಂತ ಇಬ್ರೂ ಒಟ್ಗೆ ಬಗ್ಸನ."

ಅವಳ ಕಣ್ಣು ಮತ್ತೆ ತುಂಬಿತು. ಅವನು ಒಳಗೆ ಬಂದು, ಸಿಂಧುವಿನ ಪಕ್ಕದಲ್ಲಿ, ಕವಿತಳ ಎದುರಿಗೆ ನೆಲದ ಮೇಲೇ ಕೂತ.

"ಇಂಗ್ಲಿಷ್ ಬರೋ ಕಾಲಕ್ಕೆ ಮೂರು ಜನಾನೂ ಒಟ್ಗೆ ಕಲಿಯನ. ಆಯ್ತಾ?"

"ಯಾರ್ ಏಳ್ಕೊಡೋರು?"

"ಯಾರಾದ್ರೂ ಸಿಕ್ತಾರೆ. ಅದಿರ್ಲಿ, ಎರಡ್ನೇ ಸಂಬಂಧದೋನ ಜೊತೆ, ಇಂತಾ ತರ್ಲೆ ಮಗಳ ಜೊತೆ, ಸಂಸಾರ ಎಂಗ್ ಮಾಡ್ಬೇಕು ಅಂತ ಗೊತ್ತಾ ನಿಮ್ಗೆ?"

ಕವಿತ ಅವನ ಮುಖವನ್ನು ನೇರವಾಗಿ ನೋಡಿದಳು. ತಲೆ ತಗ್ಗಿಸಲಿಲ್ಲ, ತಡವರಿಸಲಿಲ್ಲ.

"ಗೊತ್ತಿಲ್ಲ," ಎಂದಳು.

"ನಂಗೂ ಗೊತ್ತಿಲ್ಲ," ಎಂದು ಅವನು ಅವಳ ಕೈ ಹಿಡಿದುಕೊಂಡ.